ಎಲ್ಲರೂ ಗುಣವಾದ ದಿನ

"ನಾಳೆ ಪರೀಕ್ಷೆ ಇಟ್ಕೊಂಡು ಇವತ್ತು ಸಾಯೋದಾ? ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ ಮುದುಕಿಗೆ?"

ಆಸ್ಪತ್ರೆಯ ಅಟೆಂಡರ್ ನಮ್ಮ ಮನೆಯ ಬಾಗಿಲಲ್ಲೇ ನಿಂತು ಕೂಗಿದ. ಒಳಗೆ ಚಾಪೆಯ ಮೇಲೆ ನನ್ನ ತಂಗಿ ಮಲಗಿದ್ದಳು. ಬೆಳಗ್ಗೆ ಮುಖ ತೊಳೆಯಲು ತಂಬಿಗೆ ಎತ್ತಿಕೊಂಡವಳು ಹಾಗೇ ಕುಳಿತಳು, ಕುಳಿತವಳು ಗೋಡೆಗೆ ಒರಗಿದಳು. ನಾನು ಹತ್ತಿರ ಹೋಗಿ ಕೂಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಂಬಿಗೆಯ ನೀರು ಮಾತ್ರ ಒಂದು ಹನಿಯೂ ಚೆಲ್ಲಿರಲಿಲ್ಲ. ಅವಳ ಕಣ್ಣು ಮುಚ್ಚಿ, ದೇವರ ಹೆಸರು ಹೇಳುತ್ತ ಕುಳಿತಿದ್ದೆ.

"ಬೇರೆ ಯಾರು ಬರದಿದ್ರೂ ಗುಂಡಿಗೆ ಬರ್ಲೇಬೇಕು ಅಂದಿದ್ರು ದೊಡ್ಡ ಡಾಕ್ಟ್ರು," ಎಂದು ಅಟೆಂಡರ್ ತಲೆ ಚಚ್ಚಿಕೊಂಡ. "ಈಗ ಇನ್ನೊಂದು ಗುಂಡಿಗೇನ ಎಲ್ಲಿಂದ ತರ್ಲಿ? ನಿಮ್ಮಪ್ಪನ ಅಂಗಡೀಲಿ ಸಿಗುತ್ತಾ?"

"ನಿಂದೇ ಕೊಡಬಹುದಿತ್ತು," ಎಂದಳು ಪಕ್ಕದ ಮನೆಯ ಗಡಗಡಜ್ಜಿ, ಹೆಣದ ತಲೆ ಬಾಚುತ್ತ. "ಆದ್ರೆ ನಿಂಗೂ ಇಲ್ವಲ್ಲೋ, ಬೋಳಿಮಗನೇ."

ಗುಂಡಿಗೆ ಎಂದರೆ ನನ್ನ ತಂಗಿ. ಆ ಆಸ್ಪತ್ರೆಯಲ್ಲಿ ನಮಗೆ ಹೆಸರಿರಲಿಲ್ಲ, ರೋಗವಿತ್ತು. ಅದು ಡಾಕ್ಟರಿಕೆ ಕಲಿಸುವ ಆಸ್ಪತ್ರೆ. ನನ್ನ ತಂಗಿ ಪ್ರಾಯದಿಂದ ಅಲ್ಲಿನ ರಕ್ತದ ಚಾದರಗಳನ್ನು ಒಗೆದವಳು. ನಾನು ಅವಳ ಕುದಿನೀರಿನ ಒಲೆಗೆ ಕಲ್ಲಿದ್ದಲು ತುಂಬಿದವನು. ಗಡಗಡಜ್ಜಿ ನೆಲ ಒರೆಸಿದವಳು. ಮೈಯಲ್ಲಿ ಕಸುವು ಇಂಗಿದ ಮೇಲೆ ಗುತ್ತಿಗೆದಾರ ನಮ್ಮನ್ನು ಆಚೆ ನೂಕಿದ. ಆಮೇಲೆ ಆಸ್ಪತ್ರೆಯೇ ಹೇಳಿಕಳುಹಿಸಿ ಒಳಗೆ ಕರೆಯಿತು. ಹುಡುಗರಿಗೆ ಕಲಿಯಲು ರೋಗ ಬೇಕು. ಮುದಿ ಕೂಲಿಗಳ ಮೈಯಲ್ಲಿ ಅದಕ್ಕೇನು ಬರ? ನನ್ನ ಎದೆ ಉಸಿರಿಗೊಮ್ಮೆ ಸಿಳ್ಳೆ ಹಾಕುತ್ತದೆ, ಆದ್ದರಿಂದ ನಾನು ಸೀಟಿ. ಮೂಟೆ ಹೊರುತ್ತಿದ್ದ ನಮ್ಮ ಓಣಿಯವನ ಹೊಟ್ಟೆಯಲ್ಲಿ ನೀರು ತುಂಬಿದೆ, ಅವನು ಕೆರೆಹೊಟ್ಟೆ. ಅಜ್ಜಿಗೆ ತಲೆ, ಕೈ ಎರಡೂ ನಡುಗುತ್ತವೆ. ನಮ್ಮನ್ನು ಮಂಚದ ಮೇಲೆ ಮಲಗಿಸಿ, ಅಂಗಿ ಕಳಚಿಸಿ, ಹುಡುಗರಿಗೆ ತೋರಿಸುತ್ತಿದ್ದರು. ಕೊನೆಗೆ ಒಂದು ಚಹಾ, ಒಂದು ಬನ್ನು.

ನಮ್ಮೆಲ್ಲರಲ್ಲಿ ತಂಗಿಗೇ ಮರ್ಯಾದೆ ಹೆಚ್ಚು. ಕೊರಳಿಗೆ ಟೈ ಕಟ್ಟಿದ ದೊಡ್ಡ ಡಾಕ್ಟರು ಅವಳ ಹೊದಿಕೆಯನ್ನು ಅಂಗಡಿಯವನು ತಟ್ಟೆಯ ಮೇಲಿನ ಬಟ್ಟೆ ಎತ್ತುವಂತೆ ಎತ್ತಿ, "ಕೇಳಿ, ಕೇಳಿ. ಸಂಗೀತ ಇದು! ಇಂಥಾ ಶಬ್ದ ಪುಸ್ತಕದಲ್ಲೂ ಸಿಗಲ್ಲ," ಎನ್ನುತ್ತಿದ್ದರು. ಮೊಮ್ಮಕ್ಕಳ ವಯಸ್ಸಿನ ಹುಡುಗರು ಸಾಲಾಗಿ ಬಂದು ತಣ್ಣನೆಯ ಬಿಲ್ಲೆಯನ್ನು ಅವಳ ಎದೆಗೆ ಒತ್ತುತ್ತಿದ್ದರು. ಅವಳು ಕಣ್ಣು ಮುಚ್ಚಿ ದೇವರ ಹೆಸರು ಜಪಿಸುತ್ತಿದ್ದಳು. ಒಂದು ದಿನ ಜಪ ನಿಲ್ಲಿಸಿ ಕೇಳಿದಳು:

"ಎಲ್ರೂ ಕೇಳಿದ್ದಾಯ್ತಲ್ಲ ಸ್ವಾಮಿ. ಸರಿ ಮಾಡೋದು ಯಾವಾಗ?"

ದೊಡ್ಡ ಡಾಕ್ಟರು ಉತ್ತರವನ್ನು ಅವಳಿಗೆ ಹೇಳಲಿಲ್ಲ, ಹುಡುಗರಿಗೆ ಹೇಳಿದರು. "ಗುಂಡಿಗೆ ಕವಾಟ ಬದಲಾಯಿಸಬೇಕು. ಮಾಡೋಣ, ಮಾಡೋಣ. ಈ ಪರೀಕ್ಷೆ ಒಂದು ಮುಗೀಲಿ."

ಆ ಪರೀಕ್ಷೆ ಮುಗಿಯಿತು. ಅದರ ಮುಂದಿನದೂ ಮುಗಿಯಿತು.

"ಅಯ್ಯೋ ಪೆದ್ದೀ," ಎಂದಿದ್ದಳು ಗಡಗಡಜ್ಜಿ. "ಕರೆಯೋ ಹಸೂನ ಯಾರಾದ್ರೂ ಮಾರ್ತಾರೇನೇ? ನಿನ್ನ ವಾಸಿ ಮಾಡಿಬಿಟ್ರೆ ಆಮೇಲೆ ಅವ್ನು ಹುಡುಗರಿಗೆ ಏನು ತೋರಿಸ್ತಾನೆ, ತನ್ನ ಮುಕಳೀನಾ?" ನನ್ನ ತಂಗಿ ಉಸಿರು ಸಿಕ್ಕಿಕೊಳ್ಳುವವರೆಗೆ ನಕ್ಕಿದ್ದಳು.

ಮಧ್ಯಾಹ್ನ ಅವಳನ್ನು ಮಣ್ಣು ಮಾಡಿ ಬಂದೆವು. ಕೆರೆಹೊಟ್ಟೆಗೆ ಮಣ್ಣಿಗೆ ಬರಲಾಗಲಿಲ್ಲ. ಅವನಿಗೆ ಮಲಗಲೂ ಆಗುತ್ತಿರಲಿಲ್ಲ, ನಡೆಯಲೂ ಆಗುತ್ತಿರಲಿಲ್ಲ. ಗೋಡೆಗೆ ಒರಗಿ, ಹೊಟ್ಟೆಯನ್ನು ಪಕ್ಕದ ಮನೆಯವರ ಸಾಮಾನಿನಂತೆ ಜೋಪಾನವಾಗಿ ಹಿಡಿದು ಕುಳಿತಿದ್ದ. ನೀರು ತೆಗೆಸಿಕೊಳ್ಳಲು ಹೋದ ವಾರವೇ ಹೋಗಿದ್ದ. "ಈಗ ತೆಗೆದ್ರೆ ಪರೀಕ್ಷೆಗೆ ಏನಯ್ಯಾ ಉಳಿಯುತ್ತೆ? ತುಂಬಿರ್ಲಿ," ಎಂದು ದೊಡ್ಡ ಡಾಕ್ಟರು ಕಳುಹಿಸಿದ್ದರು.

"ಅಣ್ಣಾ, ಇನ್ನು ನನ್ನ ಸರದಿ," ಎಂದ. ಒಂದು ಮಾತಿಗೆ ಎರಡು ಸಲ ಉಸಿರೆಳೆದುಕೊಂಡ. "ಈ ನೀರು ಇಳೀದಿದ್ರೆ ನಾನು ಈ ವಾರ ದಾಟಲ್ಲ."

"ನಾಳೆ ಹೋಗೋದೇ ಬೇಡ," ಎಂದಳು ಅಜ್ಜಿ. "ಮಂಚಕ್ಕೇ ಪರೀಕ್ಷೆ ಮಾಡ್ಕೊಳ್ಲಿ."

"ಹೋಗದಿದ್ರೆ ಬೇರೆ ಮುದುಕರನ್ನ ಹಿಡ್ಕೊಂಡ್ಬರ್ತಾರೆ," ಎಂದೆ. "ಇವನ ಹೊಟ್ಟೆ ಹಾಗೇ ಇರುತ್ತೆ. ಹೋಗೋಣ. ಹೋಗಿ, ಮೂರೂ ಜನ ಗುಣವಾಗಿಬಿಡೋಣ."

"ಗುಣವಾಗೋದಾ?"

ಹೇಗೆಂದು ಹೇಳಿದೆ. ಸಾವಿನ ಮನೆಯಲ್ಲಿ ನಗಬಾರದು. ನಕ್ಕೆವು.

ಮರುದಿನ ಕೆರೆಹೊಟ್ಟೆಯನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋದೆವು. ವಾರ್ಡಿನಲ್ಲಿ ಕಿಟಕಿಯ ಗಾಜುಗಳನ್ನೂ ಒರೆಸಿದ್ದರು. ಪರೀಕ್ಷೆ ಮಾಡಲು ಬೇರೆ ಊರಿನಿಂದ ಒಬ್ಬ ಡಾಕ್ಟರಮ್ಮ ಬಂದಿದ್ದರು. ಕುಳ್ಳಗಿನ ಹೆಂಗಸು, ನಗು ಎಂಬುದನ್ನು ಮನೆಯಲ್ಲೇ ಬಿಟ್ಟು ಬಂದವರು. ದೊಡ್ಡ ಡಾಕ್ಟರು ಅವರ ಹಿಂದೆ ಮುಂದೆ ಮದುವೆ ಮನೆಯ ಹೆಣ್ಣಿನ ಅಪ್ಪನ ಹಾಗೆ ಓಡಾಡುತ್ತಿದ್ದರು.

ಮೊದಲ ಹುಡುಗ ನನ್ನ ಮಂಚಕ್ಕೆ ಬಂದ. "ಅಜ್ಜಾ, ಅಂಗಿ ತೆಗೀರಿ."

"ಯಾಕಪ್ಪಾ?"

"ಎದೆ ನೋಡ್ಬೇಕು."

"ನನ್ನೆದೆಗೇನಾಗಿದೆ? ಗುಣವಾಯ್ತಲ್ಲ. ದೊಡ್ಡ ಡಾಕ್ಟ್ರು ಗುಣ ಮಾಡಿದ್ರು, ಅವರ ಹೊಟ್ಟೆ ತಣ್ಣಗಿರ್ಲಿ." ಒಂದೊಂದು ಮಾತಿನ ಕೊನೆಗೂ ಎದೆ ಸಿಳ್ಳೆ ಹಾಕಿತು.

"ಮತ್ತೆ ಈ ಸಿಳ್ಳೆ?" ಹುಡುಗನ ಹಣೆ ಬೆವರತೊಡಗಿತು.

"ಖುಷಿ ಕಣಪ್ಪಾ. ವಾಸಿಯಾದವನು ಅಳ್ತಾನಾ?"

ಇನ್ನೊಬ್ಬ ಹುಡುಗ ಗಡಗಡಜ್ಜಿಯ ಮುಂದೆ ನಿಂತಿದ್ದ. "ಅಜ್ಜಿ, ಈ ನಡುಕ ಎಷ್ಟು ದಿನದಿಂದ?"

"ನಡುಕ ನಿಮ್ಮಜ್ಜಿಗೆ! ನಂಗೆಲ್ಲಿದೆ? ಇದು ಭಕ್ತಿ ಕಣೋ, ದೊಡ್ಡ ಡಾಕ್ಟ್ರನ್ನ ಕಂಡ್ರೆ ತಾನಾಗೇ ಬರುತ್ತೆ," ಎಂದು ಅವಳು ನಡುಗುವ ಕೈಗಳನ್ನು ಜೋಡಿಸಿ ಅವರಿಗೆ ಮುಗಿದಳು.

ಕೆರೆಹೊಟ್ಟೆ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕುಳಿತಿದ್ದ. ಹುಡುಗಿಯೊಬ್ಬಳು ಮೆಲ್ಲಗೆ, "ತಾತಾ, ಹೊಟ್ಟೆ..." ಎಂದಳು.

"ಬಸಿರು ಕಣವ್ವಾ," ಎಂದ. "ದಿನ ತುಂಬಿದೆ."

ಹುಡುಗಿ ಬಾಯಿ ಮುಚ್ಚಿಕೊಂಡಳು. ಆದರೂ ನಗು ಮೂಗಿನಿಂದ ಬಂತು.

ಡಾಕ್ಟರಮ್ಮ ತಿರುಗಿದರು. "ಏನ್ರೀ ಇದು? ವಾಸಿಯಾದವರನ್ನೆಲ್ಲ ಯಾಕ್ರೀ ಮಲಗಿಸಿದೀರ?"

"ನಾಟಕ ಮೇಡಂ, ಬರೀ ನಾಟಕ!" ದೊಡ್ಡ ಡಾಕ್ಟರ ಮುಖ ಕೆಂಪಾಯಿತು. "ಇವರ್ಯಾರೂ ವಾಸಿಯಾಗಿಲ್ಲ. ಈ ಎದೇನ ವರ್ಷಗಟ್ಟಲೆಯಿಂದ ನಾನೇ ತೋರಿಸ್ತಿದೀನಿ. ಈ ಹೊಟ್ಟೆ ಹೋದ ಪರೀಕ್ಷೆಗೂ ಬಂದಿತ್ತು."

"ಹೋದ ಪರೀಕ್ಷೆಗೂ?"

"ಹೌದು ಮೇಡಂ."

"ಹೀಗೇನೇ?"

ಹುಡುಗರೆಲ್ಲ ತಮ್ಮ ತಮ್ಮ ಬೂಟು ನೋಡತೊಡಗಿದರು.

ದೊಡ್ಡ ಡಾಕ್ಟರು ನನ್ನ ಮಂಚಕ್ಕೆ ಬಂದು, ಕಿವಿಯ ಹತ್ತಿರ ಬಗ್ಗಿದರು. "ಸೂಳೆಮಗನೇ, ಅಂಗಿ ಬಿಚ್ಚು. ಇಲ್ದಿದ್ರೆ ಇನ್ನು ಈ ಗೇಟು ದಾಟೋಕೆ ಬಿಡಲ್ಲ."

"ಗುಣವಾದವನಿಗೆ ಆಸ್ಪತ್ರೆ ಯಾಕೆ ಸ್ವಾಮಿ?"

"ಏನೋ ಬೇಕು ನಿಂಗೆ?"

"ನಂಗೇನೂ ಬೇಡ. ಅವನ ಹೊಟ್ಟೆ ನೀರು ತೆಗೀರಿ. ಆಮೇಲೆ ನನ್ನ ಚರ್ಮ ಬೇಕಾದ್ರೂ ಬಿಚ್ಚಿ ಕೊಡ್ತೀನಿ."

"ತೆಗೀತೀನಯ್ಯ. ಪರೀಕ್ಷೆ ಮುಗೀಲಿ."

"ನನ್ನ ತಂಗಿಗೂ ಇದೇ ಮಾತು ಹೇಳಿದ್ರಿ. ನಿನ್ನೆ ಮಣ್ಣು ಮಾಡಿ ಬಂದೆ."

"ಯಾರು ನಿನ್ನ ತಂಗಿ?"

"ಗುಂಡಿಗೆ."

ಅವರು ನೆಟ್ಟಗೆ ನಿಂತರು. ಅಟೆಂಡರ್ ಹೆದರಿ ಅವರಿಗೆ ಹೇಳಿಯೇ ಇರಲಿಲ್ಲವೆಂದು ಕಾಣುತ್ತದೆ. ಅವಳ ಖಾಲಿ ಮಂಚದ ಕಡೆ ನೋಡಿದರು. "ಅಯ್ಯೋ," ಎಂದರು. ಅವರು ಕಣ್ಣೊರೆಸಿಕೊಂಡದ್ದು ಕಂಡು ನನ್ನ ಕಣ್ಣೂ ತುಂಬಿತು. ಆಗ ಹೇಳಿದರು: "ಎಂಥಾ ಕೇಸು! ಅಂಥದ್ದು ಇನ್ನು ಸಿಗಲ್ಲ."

ನಾನು ಅಂಗಿಯ ಮೇಲೆ ಕೈಕಟ್ಟಿ ಕುಳಿತೆ.

ಡಾಕ್ಟರಮ್ಮ ಗಡಿಯಾರ ನೋಡಿಕೊಂಡರು. "ನಂಗೆ ಸಂಜೆ ರೈಲಿದೆ. ಹೊಟ್ಟೆ ಖಾಲಿ ಮಾಡ್ತೀರೋ, ಪರೀಕ್ಷೆ ಖಾಲಿ ಮಾಡ್ತೀರೋ, ಬೇಗ ನೋಡಿ."

ದೊಡ್ಡ ಡಾಕ್ಟರು ಟೈಯನ್ನು ಅಂಗಿಯೊಳಗೆ ತುರುಕಿಕೊಂಡು ತಾವೇ ಸೂಜಿ ಹಿಡಿದರು. ಅಟೆಂಡರ್ ನೆಲ ಒರೆಸುವ ಬಕೆಟ್ಟು ತಂದಿಟ್ಟ. ನಳಿಗೆಯಿಂದ ನೀರು ಮೊದಲು ತೊಟ್ಟಿಕ್ಕಿತು, ಆಮೇಲೆ ಧಾರೆಯಾಗಿ ಬಿತ್ತು. ಕೆರೆಹೊಟ್ಟೆಯ ಮುಖದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಣ್ಣ ಬಂತು. ಒಂದು ಉದ್ದ ಉಸಿರು, ಪೂರ್ತಿ ಉಸಿರು, ಎಳೆದುಕೊಂಡ.

"ಏನಾಯ್ತೇ ಅಜ್ಜೀ, ಗಂಡೋ ಹೆಣ್ಣೋ?"

"ಬಕೆಟ್ಟು ಕಣೋ," ಎಂದಳು ಗಡಗಡಜ್ಜಿ. ಈ ಸಲ ಹುಡುಗರಲ್ಲಿ ಯಾರೂ ಬಾಯಿ ಮುಚ್ಚಿಕೊಳ್ಳಲಿಲ್ಲ.

ದೊಡ್ಡ ಡಾಕ್ಟರು ಕೈ ತೊಳೆಯುತ್ತ ಅಟೆಂಡರನಿಗೆ ಹೇಳಿದ್ದು ನಮಗೆಲ್ಲ ಕೇಳಿಸಿತು. "ಇವತ್ತಿಗೆ ಸರಿ. ನಾಳೆಯಿಂದ ಈ ಮೂರು ಜನ ಗೇಟಿನೊಳಗೆ ಕಾಲಿಟ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ." ಆ ಹೊಟ್ಟೆಯಲ್ಲಿ ನೀರು ಮತ್ತೆ ತುಂಬುತ್ತದೆ. ಅವರಿಗೂ ಗೊತ್ತು, ಕೆರೆಹೊಟ್ಟೆಗೂ ಗೊತ್ತು. ಅವನು ಮಾತ್ರ ಆಗಲೇ ಗೊರಕೆ ಹೊಡೆಯುತ್ತಿದ್ದ. ಎಷ್ಟೋ ದಿನಗಳ ಮೇಲೆ ಬೆನ್ನು ಹಾಸಿಗೆಗೆ ತಾಗಿತ್ತು.

ಕೊಟ್ಟ ಮಾತಿನಂತೆ ಅಂಗಿ ಬಿಚ್ಚಿದೆ. ಹುಡುಗ ತಣ್ಣನೆಯ ಬಿಲ್ಲೆಯನ್ನು ನನ್ನ ಎದೆಗೆ ಒತ್ತಿ, ಉಸಿರೆಳೆಯಿರಿ ಎಂದ. ನಾನು ಕಣ್ಣು ಮುಚ್ಚಿದೆ.

ದೇವರೇ, ಬಂದವರೆಲ್ಲ ಅವಳ ಎದೆಗೆ ಕಿವಿಯಿಟ್ಟು ಎದ್ದು ಹೋದರು. ಇನ್ನು ಯಾರೂ ಅವಳ ಹೊದಿಕೆ ಎತ್ತದಿರಲಿ. ಮಣ್ಣು ಅವಳ ಮೇಲೆ ಹಗುರವಾಗಿರಲಿ. ನೀನೊಬ್ಬ ಕೇಳಿದರೆ ಸಾಕು. ನನ್ನ ತಂಗಿಯ ಆತ್ಮಕ್ಕೆ ಶಾಂತಿ ಕೊಡು.