ಐದೇ ದಿನ ಬಾಳುವ ಸೆಲ್ಲು

ಇಪ್ಪತ್ತಾರು ವರ್ಷದಿಂದ ನೆಲ್ಸನ್ ಊರಿನ ಮನೆಗಳನ್ನು ಬೆಚ್ಚಗಿಡುವುದು ನನ್ನ ಕಸುಬು. ಮನೆ ಕಾಯಿಸುವ ಬಾಯ್ಲರ್ ಕೆಮ್ಮಿದರೆ ಏನು ಕಾಯಿಲೆ ಎಂದು ಹೊಸ್ತಿಲಲ್ಲೇ ನಿಂತು ಹೇಳಬಲ್ಲೆ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಆ ಜಂಬ ಕಳೆದ ಫೆಬ್ರವರಿಯಲ್ಲಿ ಎರಡು ಪೆನ್ಸಿಲ್ ಸೆಲ್ಲುಗಳ ಮುಂದೆ ಹೇಗೆ ಮಣ್ಣುಪಾಲಾಯಿತು ಎನ್ನುವುದೇ ಕಥೆ.

ಏವ್ರಿಲ್ ವಿಟಮ್ ನನಗೆ ನೆಂಟರೇನೂ ಅಲ್ಲ. ನಮ್ಮದು ಒಂದೇ ಬೀದಿ. ನನ್ನ ಅಮ್ಮನೂ ಅವರೂ ಒಂದೇ ಮಿಲ್ಲಿನಲ್ಲಿ ಅಕ್ಕಪಕ್ಕದ ಮಗ್ಗಗಳ ಮುಂದೆ ನಿಂತು ಹತ್ತಿ ಬಟ್ಟೆ ನೇಯ್ದವರು. ಹಾಗಾಗಿ ನನಗೆ ನಲವತ್ತೆಂಟಾದರೂ ಅವರು ಏವ್ರಿಲ್ ಆಂಟಿ, ಅವರಿಗೆ ನಾನು ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಡಂಕನ್. ಆಂಟಿಗೆ ಎಪ್ಪತ್ತೊಂದು. ಮಿಲ್ಲು ಮುಚ್ಚಿ ಎಷ್ಟೋ ಕಾಲವಾಯಿತು. ಬೆನ್ನು ಮಾತ್ರ ಇನ್ನೂ ನೆಟ್ಟಗಿದೆ, ನಾಲಿಗೆಯೂ.

ಅವರ ಜೊತೆಗೇ ಇರುವ ಮಗಳು ಕರ್ಸ್ಟಿ ಮೂವತ್ತೆಂಟನೇ ವಯಸ್ಸಿನಲ್ಲಿ ಹೆತ್ತಳು. ಹೆಣ್ಣುಮಗು, ಹನ್ನೊಂದು ವಾರ ಮೊದಲೇ ಹುಟ್ಟಿತು, ಒಂದು ಸಕ್ಕರೆ ಪೊಟ್ಟಣದ ತೂಕ. ಮಾರ್ಥಾ ಎಂದು ಹೆಸರಿಟ್ಟರು. ಎರಡು ತಿಂಗಳು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು, ಅದರಲ್ಲಿ ಬಹುಪಾಲು ದಿನ ಗಂಟಲಲ್ಲಿ ಉಸಿರಿನ ಕೊಳವೆ. ಈಗ ಮನೆಗೆ ಕಳಿಸಲು ಒಪ್ಪಿದ್ದರು, ಆದರೆ ಒಂದು ಷರತ್ತು. ಮಗುವಿನ ಕೋಣೆ ಹಗಲೂ ರಾತ್ರಿ ಹದಿನೆಂಟರಿಂದ ಇಪ್ಪತ್ತು ಡಿಗ್ರಿಯೊಳಗೇ ಇರಬೇಕು. ಶುಕ್ರವಾರ ನರ್ಸ್ ಬಂದು ಹಿಂದಿನ ಎರಡು ದಿನದ ದಾಖಲೆ ನೋಡುತ್ತಾರೆ. ಸರಿಯಿದ್ದರೆ ಸೋಮವಾರ ಮಗು ಮನೆಗೆ, ಇಲ್ಲದಿದ್ದರೆ ಇಲ್ಲ. ಪ್ಲಗ್ ಹಾಕುವ ಹೀಟರ್ ಇಡೋಣವೆಂದರೆ ಆ ಕೋಣೆಯಲ್ಲಿರುವುದು ಒಂದೇ ಪ್ಲಗ್ಗು, ಅದು ಮಗುವಿನ ಆಮ್ಲಜನಕದ ಯಂತ್ರಕ್ಕೆ ಬೇಕು.

ದಾಖಲೆ ಇಡುವುದು ಕರ್ಸ್ಟಿ ಕೊಂಡಿದ್ದ ಕಂಟ್ರೋಲರ್. ಅಂಗೈಯಗಲದ ಬಿಳಿ ಪೆಟ್ಟಿಗೆ. ಅದು ತಾನಿರುವ ಕೋಣೆಯ ಶಾಖ ನೋಡಿ, ಕೆಳಗೆ ಹಿಂದಿನ ಅಡುಗೆಮನೆಯಲ್ಲಿರುವ ಬಾಯ್ಲರಿಗೆ ಗಾಳಿಯಲ್ಲೇ ಸುದ್ದಿ ಕಳಿಸುತ್ತದೆ: ಹೊತ್ತಿಕೋ, ಇಲ್ಲವೇ ಆರಿಕೋ. ಕರ್ಸ್ಟಿ ಆಸ್ಪತ್ರೆಯಲ್ಲಿ ಮಗುವಿನ ಪಕ್ಕ ಕೂತೇ ತನ್ನ ಫೋನಿನಲ್ಲಿ ಆ ಕೋಣೆಯ ಶಾಖ ನೋಡುತ್ತಿದ್ದಳು. ಒಂದು ವರ್ಷ ಅದು ಕೆಳಗೆ ಬೀದಿ ಕಡೆಯ ಮುಂದಿನ ಕೋಣೆಯಲ್ಲಿ ಒಂದೇ ಜೊತೆ ಸೆಲ್ಲಿನಲ್ಲಿ ಕೆಲಸ ಮಾಡಿತ್ತು. ಮಗುವಿನ ಕೋಣೆ ಸಿದ್ಧವಾಗಿ ಅದನ್ನು ಮಹಡಿಗೆ ಒಯ್ದ ಮೇಲೆ ಸೆಲ್ಲು ಐದು ದಿನಕ್ಕೇ ಸಾಯತೊಡಗಿತು. ಸೆಲ್ಲು ಸತ್ತರೆ ಕಂಟ್ರೋಲರ್ ಮೂಕ. ಸುದ್ದಿ ಬರದಿದ್ದರೆ ಬಾಯ್ಲರ್ ತಾನೇ ಆರಿಕೊಳ್ಳುತ್ತದೆ. ಬೆಳಿಗ್ಗೆ ಕೋಣೆ ಹನ್ನೆರಡು ಡಿಗ್ರಿ. ಹೊಸ ಸೆಲ್ಲಿದ್ದ ದಿನವೂ ಕೆಲವೊಮ್ಮೆ ಹದಿನಾರಕ್ಕೆ ಇಳಿಯುತ್ತಿತ್ತು.

ಮೊದಲ ಸಲ ಕರೆದಾಗ ನನಗೆ ನಗು ಬಂದಿತ್ತು. ಆಂಟಿ ಡ್ರಾಯರಿನಿಂದ ಬಿಸ್ಕತ್ತಿನ ಡಬ್ಬಿ ತೆಗೆದು ಮುಂದಿಟ್ಟರು. ಒಳಗೆ ನಲವತ್ತು ಐವತ್ತು ಅರೆಜೀವದ ಸೆಲ್ಲು. ನಮ್ಮ ಕಡೆ ಇಂಥ ಡಬ್ಬಿ ಇಲ್ಲದ ಮನೆಯೇ ಇಲ್ಲ.

“ಇದರಿಂದ ತೆಗೆದು ಹಾಕಿದ್ರಾ?”

“ಹ್ಞೂಂ ಮತ್ತೆ. ಟಾರ್ಚಿಗೆ ಸಾಲದ್ದು ಗಡಿಯಾರಕ್ಕೆ ಸಾಕು, ಗಡಿಯಾರಕ್ಕೂ ಸಾಲದ್ದು ಇದಕ್ಕೆ. ಜೀವ ಇರೋದನ್ನ ಯಾರಾದ್ರೂ ಬಿಸಾಕ್ತಾರೇನೋ?”

“ಹಳೇದು ಹೊಸದು ಜೊತೆ ಮಾಡಬಾರದು ಆಂಟಿ. ಹಳೇದು ಹೊಸದನ್ನೂ ಹಾಳ್ಮಾಡತ್ತೆ.”

“ನಿನ್ನ ಮದುವೆ ಥರ ಅನ್ನು,” ಎಂದು ಟೀ ಸುರಿದರು.

ನಾನು ಹೊಸ ಜೊತೆ ಹಾಕಿದೆ, ಒಂದು ಸಣ್ಣ ಭಾಷಣವನ್ನೂ ಬಿಗಿದೆ, ಅವರು ಮಾಡಿದ್ದ ಪಾರ್ಕಿನ್ ಎಂಬ ಶುಂಠಿ ಕೇಕು ತಿಂದು ಬಂದೆ. ಐದು ದಿನ. ಎರಡನೇ ಸಲ ಸೆಲ್ಲು ಕೂರುವ ಸ್ಪ್ರಿಂಗುಗಳನ್ನು ವಿನೆಗರ್ ಹಚ್ಚಿ ಉಜ್ಜಿದೆ. ನಂಬಿಕೆ ಸಾಲದೆ ಕಂಟ್ರೋಲರನ್ನೇ ಬದಲಿಸಿದೆ. “ಇನ್ನು ಒಂದು ವರ್ಷ ನನ್ನ ಮುಖ ನೋಡೋ ಹಾಗಿಲ್ಲ ನೀವು,” ಎಂದು ಬಾಗಿಲಲ್ಲಿ ನಿಂತು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಅದೂ ಐದೇ ದಿನ.

ಮಂಗಳವಾರ ಸಂಜೆ ಕರ್ಸ್ಟಿ ಫೋನ್ ಮಾಡಿದಳು. ಹಿಂದೆ ಆಸ್ಪತ್ರೆಯ ಯಂತ್ರಗಳ ಸದ್ದು.

“ಡಂಕನ್, ಫೋನಲ್ಲಿ ಮತ್ತೆ ಆ ಸೆಲ್ಲಿನ ಕೆಂಪು ಗುರುತು ಬಂದಿದೆ ಕಣೋ. ಎರಡು ತಿಂಗಳಿಂದ ದಿನಾ ಎರಡು ಬಸ್ಸು ಹತ್ತಿ ಬರ್ತಿದೀನಿ. ಇವಳನ್ನ ಇಲ್ಲಿ ಬಿಟ್ಟು ದಿನಾ ಬರಿಗೈಲಿ ಮನೆಗೆ ಹೋಗ್ತೀನಿ. ಸೋಮವಾರ ತಪ್ಪಿದ್ರೆ ನಂಗಿನ್ನು ಆಗಲ್ಲ.”

“ನಾಳೆ ಬೆಳಿಗ್ಗೆ ಸರಿಮಾಡ್ತೀನಿ,” ಎಂದೆ. ಹೇಗೆಂದು ನನಗೆ ಗೊತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಹೋದಾಗ ಆಂಟಿ ಮಗುವಿನ ಕೋಣೆಯಲ್ಲಿ ಕೋಟು ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ತಾವೇ ಹೊಸ ಸೆಲ್ಲು ಹಾಕಿದ್ದರು. ತೊಡೆಯ ಮೇಲೊಂದು ನೋಟ್‌ಬುಕ್ಕು, ಕೈಯಲ್ಲಿ ಪೆನ್ಸಿಲ್ಲು. ಕೋಣೆಯ ಚಂದವನ್ನು ನಾನು ಆವತ್ತೇ ಸರಿಯಾಗಿ ಗಮನಿಸಿದ್ದು. ಗೋಡೆಗೆಲ್ಲ ಹೊಸ ಕಾಗದ, ತಿಳಿ ಬಣ್ಣದ ಮೇಲೆ ಪುಟ್ಟ ಹಳದಿ ಬಾತುಕೋಳಿಗಳ ಸಾಲು. ಒಂದು ಹಾಳೆಯ ಬಾತುಕೋಳಿಯ ಕೊಕ್ಕು ಪಕ್ಕದ ಹಾಳೆಗೆ ಕೂದಲೆಳೆ ತಪ್ಪದ ಹಾಗೆ ಕೂಡಿತ್ತು. ನೇಕಾರ್ತಿಯ ಕೈ ಅದು.

ನಾನು ಗಂಟಲು ಸರಿಮಾಡಿಕೊಂಡೆ. “ಆಂಟಿ, ದಪ್ಪ ಸೆಲ್ಲು ಹಿಡಿಯೋ ಒಂದು ಪೆಟ್ಟಿಗೆ ಬರತ್ತೆ, ಹೆಚ್ಚು ದಿನ ಬಾಳೋದು. ಅದನ್ನ ತರಿಸ್ತೀನಿ. ಸೋಮವಾರ ಬರತ್ತಂತೆ.”

“ಸೋಮವಾರ ಮಗು ಬರಬೇಕು. ಕೂತ್ಕೋ. ಈ ಹಸಿರು ದೀಪ ಯಾಕೆ ಮಿನುಗತ್ತೆ?”

“ಬಾಯ್ಲರ್ ಜೊತೆ ಮಾತಾಡ್ತಿದೆ ಅಂತ. ಒಂದು ಸಲ ಮಿನುಗಿದ್ರೆ ಒಂದು ಮಾತು.”

“ಬಾಯ್ಲರ್ ‘ಆಯ್ತು’ ಅಂದ್ರೆ?”

“ಸುಮ್ಮನಾಗತ್ತೆ.”

“ಅನ್ನದೇ ಇದ್ರೆ?”

ಇಪ್ಪತ್ತಾರು ವರ್ಷದ ಅನುಭವಿ, ಆ ದೀಪ ಪಟಪಟ ಮಿನುಗುವುದನ್ನು ಎರಡು ಸಲ ನೋಡಿ, ಆಹಾ ಎಷ್ಟು ಚುರುಕಾಗಿದೆ ಎಂದುಕೊಂಡು ಹೋಗಿದ್ದೆ.

“ಮತ್ತೆ ಹೇಳತ್ತೆ,” ಎಂದೆ. “ಇನ್ನೂ ಜೋರಾಗಿ, ಅದಕ್ಕೆ ಕೇಳೋವರೆಗೂ.”

ಆಂಟಿ ನೋಟ್‌ಬುಕ್ಕು ನನ್ನ ಕಡೆ ತಿರುಗಿಸಿದರು. ಮಿಲ್ಲಿನಲ್ಲಿ ಬಟ್ಟೆಯ ಲೆಕ್ಕ ಬರೆಯುತ್ತಿದ್ದ ಹಾಗೆ ಗೀಟುಗಳು, ಐದೈದರ ಕಟ್ಟು. ಬೆಳಿಗ್ಗೆ ಆರರಿಂದ ಪೆಟ್ಟಿಗೆಯನ್ನು ಮನೆಯೆಲ್ಲ ಹೊತ್ತು ತಿರುಗಿ ಎಣಿಸಿದ್ದರು. ಅಡುಗೆಮನೆಯಲ್ಲಿ ಒಂದು ಗೀಟು. ಮೆಟ್ಟಿಲಲ್ಲಿ ಒಂದು. ಮುಂದಿನ ಕೋಣೆಯಲ್ಲಿ ಒಂದು. ಮಗುವಿನ ಕೋಣೆಯಲ್ಲಿ ಒಂದೇ ಸಮನೆ ಹದಿನಾಲ್ಕು, ಸ್ವಲ್ಪ ಬಿಟ್ಟು ಮತ್ತೆ ಹದಿನಾಲ್ಕು.

“ನಾನು ಹದಿನೈದು ವರ್ಷಕ್ಕೆ ಮಿಲ್ಲಿಗೆ ಸೇರಿದ್ದು,” ಎಂದರು ಆಂಟಿ. “ಮುನ್ನೂರು ಮಗ್ಗ ಒಟ್ಟಿಗೆ ಹೊಡ್ಕೊಳ್ತಿದ್ವು, ಪಕ್ಕದವಳು ಸತ್ರೂ ಕೇಳ್ತಿರಲಿಲ್ಲ. ಹೊಸದಾಗಿ ಬಂದ ಹುಡುಗೀರು ಕಿರುಚಿ ಕಿರುಚಿ ಮಾತಾಡೋವು. ಬುಧವಾರಕ್ಕೆ ಗಂಟಲು ಢಮಾರ್. ಸೋಮವಾರ ಚೆನ್ನಾಗೇ ಇರೋವು ಪಾಪ. ಗಂಟಲಿಗೆ ರೋಗ ಅಲ್ಲ ಕಣೋ ಅದು, ಕೇಳಿಸ್ಕೊಳ್ಳೋರಿಲ್ಲ ಅಷ್ಟೇ. ಆಮೇಲೆ ನಿಮ್ಮಮ್ಮ ಅವರಿಗೆ ತುಟಿ ಓದೋದು ಕಲಿಸೋಳು. ನೀನು ಎರಡು ವಾರದಿಂದ ಗಂಟಲಿಗೇ ಔಷಧಿ ಹಾಕ್ತಿದೀಯ.”

ನಿಜ ಹೇಳುತ್ತೇನೆ, ನನಗೆ ಅವಮಾನವಾಗಲಿಲ್ಲ. ಮೈ ಜುಮ್ಮೆಂದಿತು. ಈ ಪೆಟ್ಟಿಗೆಯ ಜೊತೆ ಬಂದ ಪುಸ್ತಕದಲ್ಲಿ ಬ್ಯಾಟರಿ ತೊಂದರೆಗೆಂದೇ ನಾಲ್ಕು ಪುಟಗಳಿವೆ. ಅದನ್ನು ನಾನು ಬಾಯಿಪಾಠ ಹೇಳಬಲ್ಲೆ. ಆ ನಾಲ್ಕು ಪುಟದಲ್ಲಿ ಇಲ್ಲದ್ದನ್ನು ಈ ಹೆಂಗಸು ಸ್ಟೂಲಿನ ಮೇಲೆ ಕೂತು ಪೆನ್ಸಿಲ್ಲಿನಿಂದ ಗೀಚಿದ್ದರು.

ನಾನು ಕಂಟ್ರೋಲರ್ ಹಿಡಿದು ಬಾಗಿಲಿನ ಚೌಕಟ್ಟಿನಲ್ಲಿ ನಿಂತೆ. ಒಂದೇ ಸಲ ಮಿನುಗಿತು. ಒಂದು ಹೆಜ್ಜೆ ಬಲಕ್ಕೆ, ಒಳಗೋಡೆಯ ಮರೆಗೆ ಸರಿದೆ. ಪಟಪಟ ಶುರುವಾಯಿತು. ಮತ್ತೆ ಎಡಕ್ಕೆ. ಒಂದೇ ಸಲ. ಆಂಟಿ ಎದ್ದು ಬಂದು ನನ್ನ ಪಕ್ಕ ನಿಂತರು.

“ಈ ಗೋಡೇಲಿ ಏನಿದೆ ಆಂಟಿ? ಸುದ್ದಿ ತಡೆಯೋಕೆ ಇಟ್ಟಿಗೆಗೆ ಇಷ್ಟು ಶಕ್ತಿ ಇಲ್ಲ.”

ಅವರು ಕೈ ಎತ್ತಿ ಬಾತುಕೋಳಿಗಳ ಮೇಲೆ ಬೆರಳಾಡಿಸಿದರು. ಎರಡು ಹಾಳೆ ಕೂಡುವ ಕಡೆ ಬೆರಳು ನಿಂತಿತು. ಮುಖದ ಬಣ್ಣ ಇಳಿಯಿತು.

“ಬೆಳ್ಳಿ ಕಾಗದ,” ಎಂದರು.

ಹಳೆಯ ಮನೆಗಳ ಥಂಡಿ ಗೋಡೆಗೆ ಒಳಗಿನಿಂದ ಅಲ್ಯುಮಿನಿಯಂ ಹಾಳೆ ಅಂಟಿಸಿ, ಅದರ ಮೇಲೆ ಬಣ್ಣದ ಕಾಗದ ಹಾಕುವುದು ನಮ್ಮಲ್ಲಿ ಹಳೇ ರೂಢಿ. ತೇವ ಒಳಗೆ ಬರುವುದಿಲ್ಲ, ಶಾಖ ಹೊರಗೆ ಹೋಗುವುದಿಲ್ಲ, ಲೋಹವಾದ್ದರಿಂದ ಗಾಳಿಯಲ್ಲಿ ಹೋಗುವ ರೇಡಿಯೋ ಸುದ್ದಿಯೂ ದಾಟುವುದಿಲ್ಲ. ಆದರೆ ಅದನ್ನು ಹಾಕುವುದು ಹೊರಗೋಡೆಗೆ.

“ಇದು ಒಳಗೋಡೆ ಅಲ್ವಾ?”

“ಎರಡು ಸುರುಳಿ ಉಳೀತು,” ಎಂದರು ಆಂಟಿ ಸಣ್ಣ ದನಿಯಲ್ಲಿ. “ಬಿಸಾಕೋಕೆ ಮನಸ್ಸು ಬರಲಿಲ್ಲ. ಮಗೂಗೆ ಇನ್ನೂ ಸ್ವಲ್ಪ ಬೆಚ್ಚಗಿರಲಿ ಅಂತ ಇಲ್ಲೂ ಹಾಕ್ದೆ.”

ಬಿಸ್ಕತ್ತಿನ ಡಬ್ಬಿಯಲ್ಲಿ ಸೆಲ್ಲು ಕೂಡಿಡುವ ಅದೇ ಕೈ. ಮೂರು ದಿನ ಏಣಿಯ ಮೇಲೆ ನಿಂತು ಅಂಟಿಸಿದ ಗೋಡೆ ಅದು. ಅಷ್ಟು ಅಕ್ಕರೆಯಿಂದ ಮಾಡಿದ ಕೆಲಸವೇ ಕೋಣೆಯನ್ನು ತಣ್ಣಗಾಗಿಸಿತ್ತು. ಒಂದು ಕಡೆಯಿಂದ ಸ್ವಲ್ಪವೇ ಬಿಡಿಸಿ ನೋಡೋಣ, ಮೂಲೆಯಲ್ಲಿ, ಕಪಾಟಿನ ಹಿಂದೆ, ಯಾರಿಗೂ ಕಾಣದ ಕಡೆ ಎಂದು ನಾನು ತೊದಲುತ್ತಿದ್ದೆ. ಅಷ್ಟರಲ್ಲಿ ಆಂಟಿ ಕೆಳಗೆ ಹೋಗಿ ಬಕೆಟ್ಟಿನಲ್ಲಿ ಬಿಸಿನೀರು, ಸ್ಪಂಜು, ಒಂದು ಅಗಲ ಬಾಯಿಯ ಹೆರೆಯುವ ತಗಡು ತಂದರು. ಕೋಟು ಬಿಚ್ಚಿದರು. ಗೋಡೆಯ ನಟ್ಟನಡುವೆ, ಅತಿ ಚೆಂದದ ಸಾಲಿನ ಮೇಲೆಯೇ ಒದ್ದೆ ಸ್ಪಂಜು ಒತ್ತಿದರು.

“ಆಂಟಿ, ನಿಧಾನ! ಆ ಬಾತುಕೋಳಿ...”

“ಅವಳಿಗೆ ಬಾತುಕೋಳಿ ಕಾಣೋಕೆ ಇನ್ನೂ ತಿಂಗಳುಗಟ್ಟಲೆ ಬೇಕು. ಚಳಿ ಈಗಲೇ ಗೊತ್ತಾಗತ್ತೆ. ಬಾಯಿ ಮುಚ್ಚಿ ಆ ತುದಿ ಹಿಡ್ಕೋ.”

ಆಂಟಿಯ ಕಣ್ಣಲ್ಲಿ ನೀರು ಬರಲಿಲ್ಲ. ಕಣ್ಣು ಒದ್ದೆಯಾದದ್ದು ನನ್ನದು. ಹಾಳೆ ಹಾಳೆಯಾಗಿ ಬಾತುಕೋಳಿಗಳು ಬಿದ್ದವು, ಅವುಗಳ ಬೆನ್ನಿಗೆ ಅಂಟಿಕೊಂಡು ಬೆಳ್ಳಿ ಹಾಳೆ ಹೊಳೆಯುತ್ತ ಬಂತು. ಮಧ್ಯಾಹ್ನದ ಹೊತ್ತಿಗೆ ಒಳಗೋಡೆ ಪೂರ್ತಿ ಬೋಳಾಯಿತು. ಆಂಟಿ ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತರು, ನೋಟ್‌ಬುಕ್ಕು ತೆರೆದರು. ಕಂಟ್ರೋಲರನ್ನು ಅದರ ಜಾಗದಲ್ಲೇ ಇಟ್ಟೆ.

ಹಸಿರು ದೀಪ ಒಂದು ಸಲ ಮಿನುಗಿತು. ಕಾದೆವು. ಮತ್ತೆ ಮಿನುಗಲಿಲ್ಲ. ಕೆಳಗೆ ಬಾಯ್ಲರ್ ಗುಟುಕ್ಕೆಂದು ಹೊತ್ತಿಕೊಂಡಿತು. ಆಂಟಿ ಒಂದು ಗೀಟು ಎಳೆದು ಪುಸ್ತಕ ಮುಚ್ಚಿದರು. ಎರಡು ಗಂಟೆ ಕಳೆದ ಮೇಲೆ ಅವರ ಫೋನು ಸದ್ದು ಮಾಡಿತು. ಕರ್ಸ್ಟಿ ಮಾತು ಬರೆದಿರಲಿಲ್ಲ, ಬರೀ ಅಂಕಿ: ಹತ್ತೊಂಬತ್ತು.

ಶುಕ್ರವಾರ ಸಂಜೆ ನರ್ಸ್ ಬರುವಾಗ ನಾನೂ ಹೋಗಿದ್ದೆ. ಏನೂ ಕೆಲಸವಿರಲಿಲ್ಲ, ಮನೆಯಲ್ಲಿ ಕೂರಲಾಗಲಿಲ್ಲ ಅಷ್ಟೇ. ಎರಡು ದಿನದ ಗೆರೆ ಹತ್ತೊಂಬತ್ತರ ಮೇಲೆ ನೆಟ್ಟಗೆ ಮಲಗಿತ್ತು. ನರ್ಸ್ ತಲೆಯಾಡಿಸಿ ಸಹಿ ಹಾಕಿದರು. ಆಮೇಲೆ ಬೋಳು ಗೋಡೆಯತ್ತ ಹುಬ್ಬೇರಿಸಿದರು.

“ಇದೊಂದು ಗೋಡೆ ಮಾತ್ರ ಯಾಕೆ ಹೀಗೆ?”

“ಅಲ್ಲಿದ್ದ ಬಾತುಕೋಳಿಗಳು ತುಂಬ ಗಲಾಟೆ ಮಾಡ್ತಿದ್ವು,” ಎಂದರು ಆಂಟಿ. “ಕಳಿಸ್ಬಿಟ್ಟೆ.”

ಸೋಮವಾರ ಮಾರ್ಥಾ ಮನೆಗೆ ಬಂದಳು.

ಐದು ವಾರವಾದ ಮೇಲೆ ಸೆಲ್ಲು ಪರೀಕ್ಷಿಸುವ ನೆಪ ಮಾಡಿಕೊಂಡು ಒಂದು ಮಧ್ಯಾಹ್ನ ಹೋದೆ. ಅದೇ ಜೊತೆ ಸೆಲ್ಲು, ಗುರುತು ಇನ್ನೂ ತುಂಬಿಯೇ ಇತ್ತು. ಕರ್ಸ್ಟಿ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಳು. ತೊಟ್ಟಿಲ ಬುಟ್ಟಿಯಲ್ಲಿ ಮಗು ಮಲಗಿತ್ತು. ಆಂಟಿ ಬುಟ್ಟಿಗೆ ಎದುರಾಗಿ ಸ್ಟೂಲಿನ ಮೇಲೆ ಕೂತು ಏನೋ ಹೆಣೆಯುತ್ತಿದ್ದರು. ಯಾರನ್ನೂ ಎಬ್ಬಿಸಬಾರದೆಂದು ನಾವು ದನಿಯಿಲ್ಲದೆ ತುಟಿಯಲ್ಲೇ ಮಾತಾಡಿದೆವು. ಚಿಕ್ಕವನಿದ್ದಾಗ ಅಮ್ಮನಿಂದ ಕಲಿತದ್ದು ನನಗೆ ಇನ್ನೂ ಮರೆತಿರಲಿಲ್ಲ. ಟೀ ಬೇಕೇನೋ ಎಂದರು. ಬೇಡ ಎಂದೆ. ಬಾಗಿಲ ಬಳಿ ನಿಂತ ನನಗೆ ಬುಟ್ಟಿಯ ಒಳಗು ಕಾಣುತ್ತಿರಲಿಲ್ಲ.

ಇದ್ದಕ್ಕಿದ್ದಂತೆ ಆಂಟಿ ಹೆಣಿಗೆ ಬದಿಗಿಟ್ಟು ಎದ್ದು, ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ನಾನು ಒಂದು ಸದ್ದೂ ಕೇಳಿರಲಿಲ್ಲ. ಹತ್ತಿರ ಹೋಗಿ ನೋಡಿದರೆ ಮಗು ಪುಟ್ಟ ಬಾಯಿ ಅಗಲಿಸಿ ಅಳುತ್ತಿತ್ತು, ಮುಖವೆಲ್ಲ ಕೆಂಪು, ದನಿ ಮಾತ್ರ ಇಲ್ಲ. ಅಷ್ಟು ವಾರ ಕೊಳವೆಯಿದ್ದ ಗಂಟಲು ಇನ್ನೂ ಪೂರ್ತಿ ವಾಸಿಯಾಗಿರಲಿಲ್ಲ.

ಅಳುತ್ತಿದ್ದಾಳೆ ಅಂತ ಹೇಗೆ ಗೊತ್ತಾಯಿತು ಎಂದು ತುಟಿಯಲ್ಲೇ ಕೇಳಿದೆ.

ಆಂಟಿ ಮಗುವಿನ ಬೆನ್ನು ತಟ್ಟುತ್ತ ನನ್ನ ಕಡೆ ತಿರುಗಿದರು. ಅವರ ತುಟಿ ಅಲುಗಿತು.

“ಹೇಳಿದ್ಳಲ್ಲ.”