ಸುಣ್ಣ ಹಚ್ಚದ ಮೂಲೆ

ಬೆರಳಿಗೆ ತಣ್ಣಗೆ ತಾಗಿದ್ದು ಏನು, ಬೆವರೇ, ಇಲ್ಲ, ಬೆವರಿಗೆ ಈ ಜಿಡ್ಡು ಎಲ್ಲಿಂದ ಬರಬೇಕು — ಅಂಜನಮೂರ್ತಿ ಮೇಜಿನ ಕೆಳಗೆ ಕುಕ್ಕರುಗಾಲಲ್ಲಿ ಕೂತು ಕಬ್ಬಿಣ ಕೊರೆಯುವ ಮಷೀನಿನಡಿಗೆ ತಾನೇ ಮಾಡಿಕೊಟ್ಟ ತಗಡಿನ ಟ್ರೇಯ ಅಡಿಯನ್ನು ತಡವುತ್ತಿದ್ದಾನೆ, ನಾಲ್ಕು ಬೋಲ್ಟು ಬಿಚ್ಚಿ, ಟ್ರೇ ಎತ್ತಿಕೊಂಡು ಬಟವಾಡಿಯ ಶೆಡ್ಡಿಗೆ ವಾಪಸು ಹೋಗುವುದು, ಅಷ್ಟೇ ಕೆಲಸ, ರಂಗನಾಥ ಮೇಷ್ಟ್ರು ಫೋನಿನಲ್ಲಿ ಹೇಳಿದ್ದೂ ಅಷ್ಟೇ, ಮಿಲ್ಲಿಂಗ್ ಮಷೀನು ಕುಣಿಗಲ್‌ನವ್ರಿಗೆ ಕೊಟ್‌ಬಿಟ್ಟೆ ಅಂಜನಮೂರ್ತಿ, ಅವ್ರಿಗೆ ಟ್ರೇ ಬೇಡ್ವಂತೆ, ನಿಟ್ಟೂರಿಗೆ ಬಂದು ಬಿಚ್ಕೊಂಡು ಹೋಗಿ. ಬಂದ. ಮೂರು ಬೋಲ್ಟು ಸಡಿಲವಾಗಿವೆ, ನಾಲ್ಕನೆಯದರ ಹತ್ತಿರ ಈ ತೇವ. ಬೆರಳನ್ನು ಬೆಳಕಿಗೆ ಹಿಡಿದ, ಬೆಳ್ಳಗಿತ್ತು, ನೀರಿಗೆ ಎಣ್ಣೆ ಕದಡಿದ ಕೂಲಂಟು, ಕಬ್ಬಿಣ ಕೊರೆಯುವಾಗ ಕಾವೇರದಿರಲೆಂದು ಸುರಿಯುವ ಹಾಲು ಬಣ್ಣದ ನೀರು, ಅದು ಟ್ರೇಯ ಒಳಗಿರಬೇಕು, ಹೊರಗಲ್ಲ. ಹಿಂದಿನ ಎಡಮೂಲೆ. ಥೂ, ಅದೇ ಮೂಲೆ.

ನಾಲ್ಕು ತಿಂಗಳ ಹಿಂದೆ, ಶೆಡ್ಡಿನಲ್ಲಿ, ಆ ಮೂಲೆಯ ಬೆಸುಗೆಯಲ್ಲಿ ಎಳ್ಳುಕಾಳಿನಷ್ಟು ಒಂದು ಕಪ್ಪು ಚುಕ್ಕೆ ಕಂಡಿತ್ತು, ಕಂಡಿರಲಿಲ್ಲ ಎಂದು ಯಾರಿಗೆ ಬೇಕಾದರೂ ಹೇಳಬಹುದು, ತನಗೆ ತಾನೇ ಹೇಗೆ ಹೇಳಿಕೊಳ್ಳುವುದು. ಪ್ರತಿ ಟ್ರೇಗೂ ಬೆಸುಗೆಯ ಹೊರಗಡೆ ಸುಣ್ಣ ಹಚ್ಚಿ, ಒಣಗಿಸಿ, ಒಳಗಡೆ ಸೀಮೆಎಣ್ಣೆ ಸವರುತ್ತಾನೆ, ಎಲ್ಲಿ ಸಂದಿದೆಯೋ ಅಲ್ಲಿ ಸೀಮೆಎಣ್ಣೆ ನುಸುಳಿ ಸುಣ್ಣ ಕಪ್ಪಾಗುತ್ತದೆ, ಎಷ್ಟು ಸಣ್ಣ ತೂತಾದರೂ ಬಚ್ಚಿಟ್ಟುಕೊಳ್ಳಲಾರದು. ಅವತ್ತು ಕ್ಯಾನು ಖಾಲಿ. ರೇಷನ್ ಅಂಗಡಿಯವನು ನಕ್ಕಿದ್ದ, ಸೀಮೆಎಣ್ಣೆನಾ, ಯಾವ ಕಾಲದಲ್ಲಿದೀಯಣ್ಣಾ ನೀನು. ಬಂಕಿಗೆ ಹೋಗಿ ಒಂದು ಬಾಟಲಿ ಡೀಸೆಲ್ಲಾದರೂ ತರಬಹುದಿತ್ತು, ಅಬ್ಬಬ್ಬಾ ಎಂದರೆ ಅರ್ಧ ಗಂಟೆ, ತರಲಿಲ್ಲ, ಸೋಮಾರಿತನ, ಇನ್ನೇನು, ನಲ್ಲಿ ನೀರು ತುಂಬಿಸಿ ಟೀ ಕುಡಿದು ಬಂದು ನೋಡಿದ, ಒಂದು ಹನಿ ಇಳಿದಿರಲಿಲ್ಲ, ಬರೀ ನೀರು ನಿಲ್ಲುವ ಕಡೆ ಎಣ್ಣೆ ಬೆರೆತ ನೀರು ನಿಲ್ಲುವುದಿಲ್ಲ ಎಂದು ಹದಿನೆಂಟು ವರ್ಷ ತಗಡು ಬಗ್ಗಿಸಿದವನಿಗೆ ಗೊತ್ತಿಲ್ಲವೇ, ಗೊತ್ತಿತ್ತು, ಆ ಚುಕ್ಕೆಯ ಮೇಲೆ ಇನ್ನೊಂದು ಕೋಟು ನೀಲಿ ಪೇಂಟು ಬಳಿದ. ಮೂರು ಕಡೆ ಸಿಡಿತ ತಡೆಯುವ ತಗಡಿನ ಗೋಡೆ, ಮುಂದೆ ಜಾರಿಸಿ ತೆಗೆಯುವ ಅಕ್ರಿಲಿಕ್ ಹಲಗೆ, ನೋಡಿದವರೆಲ್ಲ ಭೇಷ್ ಎನ್ನುವ ಹಾಗಿತ್ತು. ಒಂದು ತೊಟ್ಟು ಆಚೆ ಬಂದ್ರೆ ನನ್ನ ಹೆಸ್ರು ಬದಲಾಯ್ಸಿ ಮೇಷ್ಟ್ರೇ, ಎಂದು ಇದೇ ಜಾಗದಲ್ಲಿ ನಿಂತು ಜಂಬ ಕೊಚ್ಚಿದ್ದೂ ಅವನೇ.

ಹೊರಗೆ ರೈಲು ಹೋಯಿತು, ಮೇಜು ನಡುಗಿತು, ಮೂಲೆಯಲ್ಲಿ ಹನಿ ದಪ್ಪವಾಯಿತು, ಬಿತ್ತು, ಬಿದ್ದಿದ್ದು ಕಾಣಲಿಲ್ಲ, ನೆಲಕ್ಕೆ ಬಿಳಿ ಟೈಲ್ಸು. ಬಿಳಿ ಮೇಲೆ ಬಿಳಿ. ಅದಕ್ಕೇ ಆ ಹೆಂಗಸಿಗೆ ಕಂಡಿಲ್ಲ — ಉಮಾಮಹೇಶ್ವರಿ, ಮೇಷ್ಟ್ರ ಹೆಂಡತಿ, ಹೋದ ತಿಂಗಳು ಇಲ್ಲೇ, ಅಡುಗೆಮನೆಗೆ ಹೋಗುವ ಈ ಓಣಿಯಲ್ಲೇ ಜಾರಿ ಕೈ ಊರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು, ಊರಿಗೆಲ್ಲ ರವಿಕೆ ಹೊಲಿದುಕೊಡುವ ಕೈ ಅದು. ನನ್ನದೇ ತಪ್ಪು, ಮೇಷ್ಟ್ರು ಮೇಜಿನ ಆ ಕಡೆ ನಿಂತು ಹೇಳುತ್ತಲೇ ಇದ್ದಾರೆ, ಅವತ್ತು ಮುಂದಿನ ಹಲಗೆ ಹಾಕೋದು ಮರ್ತಿದ್ದೆ ಕಣ್ರೀ, ಸಿಡಿದು ನೆಲಕ್ಕೆಲ್ಲ ಬಿದ್ದಿದೆ, ನಿಮ್ಮ ಟ್ರೇದೇನೂ ತಪ್ಪಿಲ್ಲ. ನಿಮ್ಮ ಟ್ರೇದೇನೂ ತಪ್ಪಿಲ್ಲ, ಈ ಮಾತು ಒಂದೇ ಬೆಳಗ್ಗೆ ಮೂರನೇ ಸಲ, ಪುಣ್ಯಾತ್ಮ ಬಾಯಿ ಮುಚ್ಚಿದರೆ ಸಾಕಾಗಿದೆ. ಮೊಳದುದ್ದದ ರೈಲು ಎಂಜಿನ್ ಮಾಡುತ್ತಿದ್ದರು, ಎರಡು ವರ್ಷದ ಕೆಲಸ, ಆರು ಚಕ್ರದಲ್ಲಿ ಐದು ಆಗಿತ್ತು, ಮಷೀನು ಹೋಗುವ ಮುಂಚೆ ಎಂದು ಇವತ್ತು ಬೆಳಗ್ಗೆ ಆರನೆಯದನ್ನೂ ಕೊರೆದಿದ್ದಾರೆ, ಅದಕ್ಕೇ ಟ್ರೇಯಲ್ಲಿ ಇನ್ನೂ ಕೂಲಂಟು, ಚಕ್ರ ಜೇಬಿನಲ್ಲಿದೆ, ಮಾತಾಡುತ್ತಾ ಅದನ್ನೇ ಸವರುತ್ತಿದ್ದಾರೆ. ಅಂಜನಮೂರ್ತಿ ಹೂಂ ಹೂಂ ಎನ್ನುತ್ತಾ ಕರವಸ್ತ್ರದಿಂದ ಮೂಲೆ ಒರೆಸಿದ, ಒರೆಸಿದಷ್ಟೂ ಬರುತ್ತಿದೆ, ಕೊನೆಗೆ ಬೆರಳಿಟ್ಟು ಒತ್ತಿ ಹಿಡಿದ. ನಿಂತಿತು.

ಅಣ್ಣಾ, ಕಾಫಿ. ಉಮಾಮಹೇಶ್ವರಿ ಎಡಗೈಯಲ್ಲಿ ಲೋಟ ಹಿಡಿದು ನಿಂತಿದ್ದಾರೆ, ಬಲಗೈ ಬ್ಯಾಂಡೇಜು ಸುತ್ತಿ ಕೊರಳಿಗೆ ಜೋತುಬಿದ್ದಿದೆ. ಅವ್ರಿಗೂ ಇಟ್ಟಿದೀನಿ, ಆರೋಗುತ್ತೆ ಅಂತ ಹೇಳಿ ಅವ್ರಿಗೆ. ಅವರು ಎಂದರೆ ಮೂರಡಿ ಆಚೆ ನಿಂತಿರುವ ಗಂಡ. ಮೇಷ್ಟ್ರೂ ಇವನ ಕಡೆಗೇ ತಿರುಗಿ, ಕುಣಿಗಲ್‌ನವ್ರು ಬರೋ ಹೊತ್ತಾಯ್ತು, ಆಮೇಲೆ ಕುಡೀತೀನಿ ಅಂತ ಹೇಳ್ರೀ, ಎಂದು ಗೇಟಿಗೆ ಹೋದರು. ಒಂದು ತಿಂಗಳಿಂದ ಹೀಗೇ ಇರಬೇಕು, ಮೂರನೆಯವರು ಬಂದರೆ ಮಾತು, ಬರದಿದ್ದರೆ ಅದೂ ಇಲ್ಲ, ಅಯ್ಯೋ ದೇವರೇ, ಇಷ್ಟೆಲ್ಲ ಆ ಎಳ್ಳುಕಾಳಿನಿಂದಲೇ. ಅಷ್ಟು ಇಷ್ಟಪಟ್ಟಿದ್ದು ಕೊಟ್‌ಬುಡ್ತಾವ್ರೆ, ಉಮಾಮಹೇಶ್ವರಿ ಗೊಣಗುತ್ತಾರೆ, ಕೊಡ್ಲಿ ಬಿಡಿ, ಎಚ್ಚರ ಇಲ್ದಿರೋ ಮನುಷ್ಯಂಗೆ ಮಷೀನ್ಯಾಕೆ. ಸುಮ್ಮನೆ ನಾಲ್ಕನೇ ಬೋಲ್ಟು ಬಿಚ್ಚು, ಅಂಜನಮೂರ್ತಿ, ಟ್ರೇ ನಿನ್ನ ಜೊತೆ ಬರುತ್ತದೆ, ಶೆಡ್ಡಿನಲ್ಲಿ ಕತ್ತರಿಸಿ ಬಿಸಾಕು, ಭೂಮಿಯ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ, ನಿನ್ನ ಹೆಸರು ಹಾಗೇ ಇರುತ್ತದೆ, ತುಮಕೂರಿನಲ್ಲಿ ಸಣ್ಣ ಮಷೀನಿಟ್ಟವರೆಲ್ಲ ನಿನ್ನನ್ನೇ ಹುಡುಕಿಕೊಂಡು ಬರುತ್ತಾರೆ, ಇವರ ಸಂಸಾರ ಇವರದು, ನೀನ್ಯಾರು — ಹೊರಗೆ ಗಾಡಿ ನಿಂತ ಸದ್ದು, ಬನ್ನಿ ಬನ್ನಿ ಎನ್ನುವ ಮೇಷ್ಟ್ರ ದನಿ, ಅಳುವವರು ನಗುವಾಗ ಬರುವ ದನಿ ಅದು — ಬೆರಳು ನೋಯುತ್ತಿದೆ, ಎಷ್ಟು ಹೊತ್ತು ಒತ್ತಿ ಹಿಡಿಯುವುದು, ಬೋಲ್ಟು ಬಿಚ್ಚಬೇಕಾದರೆ ಬೆರಳು ತೆಗೆಯಲೇಬೇಕು.

ಅಮ್ಮಾ, ಆ ಲೋಟ ಕೆಳಗಿಟ್ಟು ಒಸಿ ಕೈ ಇಲ್ಲಿ ಒಡ್ಡಿ. ಯಾಕಣ್ಣಾ. ಒಡ್ಡಿ, ಈ ಮೂಲೆ ಕೆಳಗೆ. ಅವರು ಕಷ್ಟಪಟ್ಟು ಬಗ್ಗಿ ಎಡ ಅಂಗೈ ಚಾಚಿದರು, ಬೆರಳು ತೆಗೆದ, ಹನಿ ಮೂಡಿತು, ತೂಗಿತು, ಬಿತ್ತು. ಇದು ನಂದು ಕಣಮ್ಮ, ಮೇಷ್ಟ್ರದಲ್ಲ, ಎಂದ. ಅವರು ಟ್ರೇ ನೋಡಲಿಲ್ಲ, ಅವನನ್ನೇ ನೋಡಿದರು. ಕೊಡೋವಾಗ್ಲೇ ಗೊತ್ತಿತ್ತಾ ನಿಮ್ಗೆ. ಗೊತ್ತಿತ್ತಮ್ಮ. ಬೈಯಲಿ, ಒಂದು ಬಾರಿಸಲಿ, ಏನಾದರೂ ಅನ್ನಲಿ, ಓಣಿಯಲ್ಲಿ ಹೆಜ್ಜೆಗಳು ಹತ್ತಿರವಾಗುತ್ತಿವೆ, ಮೇಷ್ಟ್ರು ಯಾರಿಗೋ ಹುಷಾರು, ಇಲ್ಲಿ ಜಾರುತ್ತೆ ಎನ್ನುತ್ತಿದ್ದಾರೆ, ಉಮಾಮಹೇಶ್ವರಿ ಅಂಗೈ ಒರೆಸಿಕೊಳ್ಳಲಿಲ್ಲ, ಮಡಚಲೂ ಇಲ್ಲ, ಬರುವವರಿಗೆ ಕಾಣಲೆಂದು ಹಾಗೇ ಚಾಚಿ ಹಿಡಿದಿದ್ದಾರೆ, ಆ ಅಂಗೈ, ಮಧ್ಯದಲ್ಲಿ ಒಂದು ಬಿಳಿ ಹನಿ, ಅಂಗೈ, ಬಿಳಿ ಹನಿ.