ಅಂದಪ್ಪನವರಿಗೆ ಒಪ್ಪುವ ಓಣಿ

ಗ್ಯಾಸ್ ಸಿಲಿಂಡರ್ ತಂದವನ ಕೈಯನ್ನು ಅಂದಪ್ಪನವರು ಬಿಡಲೇ ಇಲ್ಲ. ಹೆಗಲ ಮೇಲಿನ ವಲ್ಲಿವಸ್ತ್ರವನ್ನು ಅವನ ಅಂಗೈ ಮೇಲೆ ಹೊದಿಸಿ, ಅದರ ಕೆಳಗೆ ಅವನ ಬೆರಳು ಹಿಡಿದು ಪಿಸುಗುಟ್ಟಿದರು.

"ಬಾಯಿ ಬಿಡಬ್ಯಾಡ, ಬೆರಳಿಲೆ ಹೇಳು. ಹಲ್ಲು ನೋಡೀದಿಲ್ಲೋ? ಇಂಥಾ ಎತ್ತು ಇಡೀ ಸಂತ್ಯಾಗ ಇನ್ನೊಂದಿಲ್ಲ."

ಆ ಹುಡುಗ ಬೆಪ್ಪಾಗಿ ನಿಂತ. ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ ನಂದೀಶ ಹಾಗೆಯೇ ಓಡಿಬಂದು ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. "ಆದ ವ್ಯಾಪಾರ ಕೆಡಿಸಿದೆಲ್ಲೋ!" ಎಂದು ಅಂದಪ್ಪನವರು ಕೂಗಿಕೊಂಡರು. ಕೆಳಗಿನ ಮನೆಯಲ್ಲಿದ್ದ ಮನೆ ಮಾಲೀಕರು ಹೊರಗೆ ಬಂದು ಮೇಲೆ ನೋಡಿದರು. ನಂದೀಶ ಅಪ್ಪನನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿ ಚಿಲಕ ಜಡಿದ.

ಅಂದಪ್ಪನವರು ಮುಂಡರಗಿಯವರು. ಲಕ್ಷ್ಮೇಶ್ವರವಿರಲಿ, ಶಿರಹಟ್ಟಿಯಿರಲಿ, ಮುಳಗುಂದವಿರಲಿ, ದನದ ಸಂತೆ ಎಲ್ಲಿ ನೆರೆದರೂ ಅವರು ಅಲ್ಲಿ ದಲಾಲಿ. ಆ ವ್ಯಾಪಾರದಲ್ಲಿ ದರವನ್ನು ಬಾಯಿಂದ ಹೇಳುವ ಪದ್ಧತಿಯಿಲ್ಲ. ಕೊಳ್ಳುವವನ ಕೈಯೂ ದಲಾಲಿಯ ಕೈಯೂ ವಲ್ಲಿಯ ಕೆಳಗೆ ಸೇರಬೇಕು, ಬೆರಳು ಒತ್ತಿ ಒತ್ತಿಯೇ ಮಾತು ಮುಗಿಯಬೇಕು. ಈಗ ಅವರಿಗೆ ಮರೆವಿನ ರೋಗ. ತೀರಿಹೋದ ಹೆಂಡತಿ ಅನ್ನಪೂರ್ಣವ್ವನ ಹೆಸರು ಮರೆತರು, ಮಗನ ಹೆಸರನ್ನೂ ಮರೆತರು. ಬೆರಳು ಮಾತ್ರ ಏನನ್ನೂ ಮರೆಯಲಿಲ್ಲ. ಎದುರಿಗೆ ಬಂದವರೆಲ್ಲ ಅವರಿಗೆ ಗಿರಾಕಿಗಳೇ.

ನಂದೀಶನಿಗೆ ಗದಗಿನಲ್ಲಿ ಬೀಜ-ಗೊಬ್ಬರದ ಅಂಗಡಿ. ಅವನನ್ನು ಕೆಟ್ಟ ಮಗ ಎಂದವರ ಬಾಯಿಗೆ ಹುಳ ಬೀಳಲಿ! ಅಪ್ಪನಿಗೆ ಸ್ನಾನ ಮಾಡಿಸುವವನು ಅವನೇ, ತುತ್ತು ಕಲಸಿ ಉಣ್ಣಿಸುವವನು ಅವನೇ. ಮನೆಯೊಳಗೆ ಇಷ್ಟು ಸೇವೆ ಮಾಡುವ ಮಗ ಸಿಗುವುದು ಕಷ್ಟ. ಆದರೆ ಹೊಸ್ತಿಲು ದಾಟಿದರೆ ಅವನಿಗೆ ಅಪ್ಪನೇ ಇರಲಿಲ್ಲ. ಅಂಗಡಿಗೆ ಬಂದ ರೈತರು "ಅಂದಪ್ಪಣ್ಣ ಹೆಂಗದಾರ್ರಿ?" ಎಂದು ಕೇಳಿದರೆ, "ಮುಂಡರಗ್ಯಾಗ ಅದಾರ್ರಿ, ಆರಾಮ" ಎಂದು ಹೇಳಿ ಮಾತು ತೇಲಿಸುತ್ತಿದ್ದ.

ಅಂದು ಸಂಜೆಯೇ ಮಾಲೀಕರು ಮನೆ ಬಿಡಲು ಹೇಳಿದರು. ಮತ್ತೆ ಬಾಡಿಗೆ ಮನೆ ಹುಡುಕುವ ಬದಲು ಸ್ವಂತದ್ದೇ ಒಂದನ್ನು ಕೊಳ್ಳೋಣ ಎಂದು ಗಂಡಹೆಂಡತಿ ನಿಶ್ಚಯಿಸಿದರು. ಭಾನುವಾರ ಎರಡು ಮನೆ ನೋಡುವುದೆಂದಾಯಿತು.

"ಮಾವನ್ನೂ ಕರ್ಕೊಂಡು ಹೋಗೂಣ್ರಿ," ಎಂದಳು ಶೈಲಾ. ಆಕೆ ಸರ್ಕಾರಿ ಶಾಲೆಯ ಶಿಕ್ಷಕಿ. ಮಾತು ಕಡಿಮೆ, ಹಿಡಿದದ್ದನ್ನು ಬಿಡುವವಳಲ್ಲ.

"ಅವ್ರಿಗೇನ ತಿಳೀತೈತಿ? ಶಾಂಭವಿ ಕೂಡ ಮನ್ಯಾಗ ಇರಲಿ," ಎಂದ ನಂದೀಶ. ಶಾಂಭವಿ ಅವರ ಮಗಳು.

"ಆಕಿಗೆ ಸೋಮವಾರ ಪರೀಕ್ಷೆ ಐತಿ, ಓದಬೇಕು. ಮತ್ತ ಆ ಮನ್ಯಾಗ ಇರೋರು ನಾವಷ್ಟ ಏನು? ಅವ್ರೂ ನೋಡ್ಲಿ."

ಮೊದಲ ಮನೆ ಬಿಂಕದಕಟ್ಟಿಯ ಕಡೆಗೆ ಹೊಸದಾಗಿ ಎದ್ದ ಬಡಾವಣೆಯಲ್ಲಿತ್ತು. ತೋರಿಸಲು ಬಂದವನು ನಂದೀಶನ ಬಾಲ್ಯದ ಗೆಳೆಯ ಶಿವಯೋಗಿ. ಮನೆ ಕೊಡಿಸುವುದೇ ಅವನ ಉದ್ಯೋಗ. ಸಾಗವಾನಿಯ ಬಾಗಿಲು, ಕೊಳವೆಬಾವಿ, ಆಳೆತ್ತರದ ಕಾಂಪೌಂಡು. ಮನೆಯೇನೋ ಚೆಂದವಾಗಿತ್ತು, ಸುಳ್ಳೇಕೆ ಹೇಳಬೇಕು? ಅಂದಪ್ಪನವರನ್ನು ಓಮ್ನಿ ವ್ಯಾನಿನಲ್ಲಿ ಕೂರಿಸಿ ಉಳಿದವರು ಒಳಗೆ ಹೋದರು.

"ಇಲ್ಲೆ ಎಲ್ಲಾರೂ ನಮ್ಮ ಮಂದಿನ," ಎಂದ ಶಿವಯೋಗಿ. "ಒಬ್ರ ಮನಿ ಉಸಾಬರಿ ಇನ್ನೊಬ್ರಿಗಿಲ್ಲ. ಬಾಗಲಾ ಹಾಕಿದ್ರ ಆತು, ನಿಮ್ಮ ಪಾಡಿಗೆ ನೀವು."

ಹಿಂದುಗಡೆ ಸಣ್ಣದೊಂದು ಕೋಣೆಯಿತ್ತು. ಶಿವಯೋಗಿ ದನಿ ತಗ್ಗಿಸಿದ. "ಕಾಕಾಗ ಇದು ಹೇಳಿ ಮಾಡಿಸಿದಂಗೈತಿ ನೋಡು. ಚಿಲಕ ಹೊರಗಿನಿಂದ ಐತಿ, ಕಿಡಕಿ ಹಿತ್ತಲಕ್ಕೈತಿ. ಯಾರಿಗೂ ಖಬರ ಹತ್ತಂಗಿಲ್ಲ."

ನಂದೀಶ ಆ ಚಿಲಕವನ್ನು ಹಾಕಿ, ತೆಗೆದು ನೋಡಿದ. ಬಹಳ ದಿನಗಳ ಮೇಲೆ ಅವನ ಮುಖ ಹಗುರಾಯಿತು. ಶೈಲಾ ಕೋಣೆಯೊಳಗೆ ಹೋಗಿ ನಾಲ್ಕೂ ಗೋಡೆ ನೋಡಿದಳು.

"ಇದಕ್ಕ ಬಿಸಲು ಎಲ್ಲಿಂದ ಬೀಳತೈತ್ರಿ?" ಎಂದು ಕೇಳಿದಳು.

ಅಷ್ಟರಲ್ಲಿ ರಸ್ತೆಯಲ್ಲಿ ಗದ್ದಲವಾಯಿತು. ಅಂದಪ್ಪನವರು ವ್ಯಾನಿನಿಂದಿಳಿದು, ಪಕ್ಕದ ಮನೆಯ ಗೇಟಿನಲ್ಲಿ ಹೂಗಿಡಗಳಿಗೆ ನೀರು ಬಿಡುತ್ತಿದ್ದ ಗೃಹಸ್ಥರೊಬ್ಬರ ಕೈ ಹಿಡಿದುಬಿಟ್ಟಿದ್ದರು. ಆ ಮನುಷ್ಯ ಕೊಸರಿಕೊಂಡು ಹಿಂದೆ ಸರಿದು ಗೇಟು ಎಳೆದುಕೊಂಡರು.

"ಯಾರ ಇವ್ರು? ಹುಚ್ಚರನ್ನೆಲ್ಲಾ ಒಳಗ ಬಿಡಾಕ ಹತ್ತೀರೇನು?" ಎಂದು ಗದರಿ, ನಂದೀಶನತ್ತ ತಿರುಗಿದರು. "ನಿಮ್ಮ ಪೈಕಿ ಏನ್ರಿ?"

"ಅಲ್ರಿ... ಯಾರೋ ಹಿರೇರು. ದಾರ್ಯಾಗ ಕೈ ಮಾಡಿದ್ರು, ಕರ್ಕೊಂಡು ಬಂದ್ವಿ."

ಹೇಳಿಯೇಬಿಟ್ಟ. ಶಿವಯೋಗಿ, ಚಲೋ ಮಾಡಿದಿ ಎನ್ನುವಂತೆ ಕಣ್ಣು ಮಿಟುಕಿಸಿದ. ಶೈಲಾ ಕಲ್ಲಾಗಿ ನಿಂತಳು. ಅಂದಪ್ಪನವರು ಮಗನ ಮುಖವನ್ನು ಒಮ್ಮೆ ನೋಡಿದರು. ವಲ್ಲಿಯನ್ನು ಝಾಡಿಸಿ ಹೆಗಲಿಗೆ ಹಾಕಿಕೊಂಡು, "ಆತ್ರಿ ಯಜಮಾನ್ರ, ನಿಮಗ ತ್ರಾಸ ಕೊಟ್ಟೆ," ಎಂದು ಮಗನಿಗೇ ಕೈಮುಗಿದು, ತಾವಾಗಿಯೇ ಹೋಗಿ ವ್ಯಾನಿನಲ್ಲಿ ಕುಳಿತರು.

ವ್ಯಾನು ಹೊರಟು ಊರಿನ ಹತ್ತಿರ ಬಂತು. ಆಮೇಲೆ ಶೈಲಾ ಕೇಳಿದಳು.

"ಏನಂದ್ರಿ ಅಲ್ಲಿ?"

"ಮತ್ತೇನ ಅನ್ನಬೇಕಿತ್ತು?" ನಂದೀಶ ಸಿಡಿದ. "ಮನಿ ತೊಗೊಳ್ಳೂಕಿಂತ ಮೊದಲ ಡಂಗುರಾ ಹೊಡೀಬೇಕಿತ್ತೇನು, ನಮ್ಮಪ್ಪಗ ತಲಿ ಸರಿ ಇಲ್ಲ ಅಂತ? ಅಂಗಡ್ಯಾಗ ಕುಂಡ್ರಾಂವ ನಾನು. ಮಂದಿ ಮಾತು ನನ್ನ ಕಿವಿಗೆ ಬೀಳತಾವ. ನಾಳೆ ಶಾಂಭವಿಗೆ ಗಂಡು ನೋಡಬೇಕು. ಮನೆತನದಾಗ ಹುಚ್ಚೈತಿ ಅಂದ್ರ ಯಾರ ಬರ್ತಾರ? ಹೋದ ವರ್ಷ ಲಾರಿ ಮುಂದ ಹೋಗಿ ನಿಂತಿದ್ರಲ್ಲ, ಮರತಿಯೇನು? ಚಿಲಕಾ ಹಾಕೂದು ನನಗ ಖುಷಿ ಅಂತ ತಿಳಕೊಂಡಿಯೇನು?"

ಶೈಲಾಗೆ ಅವನ ಮೇಲೆ ಕನಿಕರವೂ ಬಂತು, ಸಿಟ್ಟೂ ಇಳಿಯಲಿಲ್ಲ.

"ಲಾರಿ ಅಂಜಿಕಿ ನನಗೂ ಐತ್ರಿ," ಎಂದಳು. "ಆದ್ರ ಅಲ್ಲೆ ನೀವು ಅಂಜಿದ್ದು ಲಾರಿಗಲ್ಲ."

ಎರಡನೆಯ ಮನೆ ಬೆಟಗೇರಿಯ ನೇಕಾರರ ಓಣಿಯಲ್ಲಿತ್ತು. ಅದನ್ನು ನೋಡಲೇಬೇಕೆಂದು ಹಟ ಹಿಡಿದವಳು ಶೈಲಾ. ಓಣಿಯಲ್ಲಿ ಮಗ್ಗದ ಸದ್ದು, ಬಾಗಿಲ ಮುಂದೆ ನೀರಿನ ಡ್ರಮ್ಮುಗಳ ಸಾಲು, ಕಟ್ಟೆಕಟ್ಟೆಗೂ ಜನ. ಮನೆ ಮಾರುವವರು ಬೇರೆ ಊರಿನ ಮಗಳ ಮನೆಗೆ ಹೋಗಿದ್ದರು. ಕೀಲಿ ಪಕ್ಕದ ಮನೆಯ ಮುದುಕ ರಹಮಾನಸಾಬರ ಬಳಿ ಇತ್ತು. ಅಪ್ಪ ವ್ಯಾನಿನಲ್ಲಿಯೇ ಇರಲಿ ಎಂದು ನಂದೀಶ ಕಣ್ಸನ್ನೆ ಮಾಡುತ್ತಿದ್ದಂತೆಯೇ ಶೈಲಾ ಮಾವನನ್ನು ಇಳಿಸಿಕೊಂಡು ರಹಮಾನಸಾಬರ ಕಟ್ಟೆಯ ಮೇಲೆ ಕೂರಿಸಿದಳು.

"ಬರ್ರಿ, ಕುಂಡ್ರಿ," ಎಂದರು ರಹಮಾನಸಾಬರು. ಯಾರು, ಏನು ಎಂದು ಕೇಳಲಿಲ್ಲ.

ಮನೆ ಹಳೆಯದು, ಅಗಲ ಕಡಿಮೆ. ನಂದೀಶ ಹೆಜ್ಜೆಗೊಂದು ತಕರಾರು ತೆಗೆದ. ನಳಕ್ಕೆ ನೀರು ಯಾವಾಗ ಬರುತ್ತದೋ ದೇವರೇ ಬಲ್ಲ, ಬೆಳಗಾದರೆ ಮಗ್ಗದ ಗದ್ದಲ, ಮಾಳಿಗೆ ಸೋರಿದ ಗುರುತು. "ಮತ್ತ ಇಲ್ಲೆ ನಮ್ಮ ಮಂದಿ ಯಾರ ಅದಾರ?" ಎಂದು ಕೊನೆಗೆ ಕೇಳಿದ. ಅವನ ತಕರಾರುಗಳಲ್ಲಿ ಸುಳ್ಳೇನೂ ಇರಲಿಲ್ಲ. ಶೈಲಾ ಎಲ್ಲದಕ್ಕೂ ಹೂಂ ಎಂದಳು.

ಹೊರಗೆ ಬಂದು ನೋಡಿದರೆ ಕಟ್ಟೆ ಖಾಲಿ! ಓಣಿಯ ಬಾಯಿಗೆ ಬಸ್ಸು ತಿರುಗುವ ರಸ್ತೆ. "ಅಪ್ಪಾ!" ಎಂದು ಚೀರಿ ನಂದೀಶ ಅತ್ತ ಓಡಿದ. ಮನೆಯ ಹೊರಗೆ ಅವನು ಆ ಶಬ್ದವನ್ನು ಬಾಯಿಬಿಟ್ಟು ಕೂಗಿ ಎಷ್ಟೋ ಕಾಲವಾಗಿತ್ತು.

ಮೂಲೆಯ ಬೇವಿನ ಮರದ ಕೆಳಗೆ ಜನ ಗುಂಪುಗೂಡಿದ್ದರು. ನಂದೀಶ ಅವರನ್ನು ಸರಿಸಿಕೊಂಡು ಒಳನುಗ್ಗಿದ. ಅಂದಪ್ಪನವರು ಮರದ ಬುಡದಲ್ಲಿ ಕುಳಿತಿದ್ದರು. ಎದುರಿಗೆ ರಹಮಾನಸಾಬರು. ಇಬ್ಬರ ಕೈಗಳ ಮೇಲೂ ವಲ್ಲಿ. ನಂದೀಶ ಎಂದಿನ ರೂಢಿಯಂತೆ ಅಪ್ಪನ ಬೆರಳು ಬಿಡಿಸಲು ಬಾಗಿದ.

"ತಡೀರಿ ತಮ್ಮಾ," ಎಂದು ರಹಮಾನಸಾಬರು ಇನ್ನೊಂದು ಕೈ ಎತ್ತಿದರು. "ವ್ಯಾಪಾರ ನಡದೈತಿ. ನಡುವ ಬರಬಾರದು."

ಅವರ ಮುಖದಲ್ಲಿ ನಗೆಯ ಗೆರೆಯಿರಲಿಲ್ಲ. ಸುತ್ತ ನಿಂತವರೂ ನಗಲಿಲ್ಲ. ಜೀವಮಾನವೆಲ್ಲ ಸೀರೆ ನೇಯ್ದ ಆ ಮುದುಕನಿಗೆ ಎತ್ತಿನ ವ್ಯಾಪಾರ ಏನು ಗೊತ್ತು, ಮಣ್ಣು! ತೋಚಿದ ಬೆರಳು ಒತ್ತುತ್ತಿದ್ದರು. ಅಂದಪ್ಪನವರು ಬೈಯುತ್ತಿದ್ದರು.

"ಎಂಥಾ ಗಿರಾಕಿಯೋ ಮಾರಾಯಾ! ಬೆರಳು ಹಿಡಿಯಾಕ ಬರಂಗಿಲ್ಲ, ಎತ್ತು ಕಟ್ಟಾಕ ಹೊಂಟೀದಿ."

"ಹೊಸಬ ಅದೀನ್ರಿ. ನೀವ ಸಂಭಾಳಿಸಿಕೊಳ್ರಿ," ಎಂದರು ರಹಮಾನಸಾಬರು.

ಮತ್ತೊಮ್ಮೆ ಬೆರಳು ಒತ್ತಿದ್ದಾಯಿತು. ಅಂದಪ್ಪನವರು ಕಣ್ಣು ಮುಚ್ಚಿ ಯೋಚಿಸಿದರು. ಆಮೇಲೆ ವಲ್ಲಿ ಕಿತ್ತು ಹೆಗಲಿಗೆ ಹಾಕಿ, ರಹಮಾನಸಾಬರ ಅಂಗೈ ಮೇಲೆ ಫಟ್ಟನೆ ಬಡಿದರು. "ಆತು! ಹೊಡಕೊಂಡು ಹೋಗು." ಅಷ್ಟು ಹೇಳಿ ಮರಕ್ಕೆ ಬೆನ್ನು ಕೊಟ್ಟು ಕಾಲು ಚಾಚಿದರು. ಮುಖ ತುಂಬ ತೃಪ್ತಿ. ಇಷ್ಟು ದಿನ ಅವರು ಹಿಡಿದ ಕೈಗಳನ್ನೆಲ್ಲ ಯಾರೋ ಒಬ್ಬರು ಬಿಡಿಸುತ್ತಲೇ ಬಂದಿದ್ದರು. ಒಂದು ವ್ಯಾಪಾರವೂ ಮುಗಿಯಲು ಬಿಟ್ಟಿರಲಿಲ್ಲ. ಹಾಗೆ ಬಿಡಿಸಿದವನು ಹೆಚ್ಚಾಗಿ ತಾನೇ ಎಂಬುದು ನಂದೀಶನಿಗೆ ಹೊಳೆಯಿತು, ಮತ್ತು ತಡೆಯಲಾರದ ನಾಚಿಕೆಯಾಯಿತು.

ರಹಮಾನಸಾಬರ ಹೆಂಡತಿ ಅಲ್ಮಾಸಬಿ ಬಸಿಯಲ್ಲಿ ಚಹಾ ಆರಿಸಿ ಅಂದಪ್ಪನವರ ಕೈಗೆ ಕೊಟ್ಟರು. "ಕಟ್ಟಿ ಮ್ಯಾಲಿಂದ ಎದ್ದು ಹೊಂಟ್ರು," ಎಂದು ಶೈಲಾಗೆ ಹೇಳಿದರು. "ಕರದ್ರ ನಿಲ್ಲಲಿಲ್ಲವಾ. ಅದಕ್ಕ ನಮ್ಮವರು ಬಾಜೂಕ ನಡಕೊಂತ ಬಂದ್ರು. ಇಲ್ಲೆ ಕುಂತು ಕೈ ಕೇಳಿದ್ರು, ನಮ್ಮವರು ಕೊಟ್ರು. ಇವ್ರು ಯಾರ ಪೈಕಿ?"

ಅದೇ ಪ್ರಶ್ನೆ. ಮುಂಜಾನೆ ಕೇಳಿದ್ದೇ ಮಾತು. ಗುಂಪಿನವರೆಲ್ಲ ನಂದೀಶನನ್ನು ನೋಡಿದರು. ಶೈಲಾ ಮಾತ್ರ ನೆಲ ನೋಡಿದಳು.

"ನಮ್ಮಪ್ಪಾರ್ರಿ," ಎಂದ ನಂದೀಶ. ದನಿ ಸಣ್ಣದಾಗಿತ್ತು. ಕೆಮ್ಮಿ ಮತ್ತೆ ಎಲ್ಲರಿಗೂ ಕೇಳುವಂತೆ ಹೇಳಿದ. "ನಮ್ಮಪ್ಪ. ಮರವಿನ ರೋಗ ಐತಿ. ಬಾಗಲಾ ತೆರದ್ರ ಎದ್ದು ಹೊಂಟ್ಹೋಗ್ತಾರ. ಯಾರ ಸಿಕ್ರೂ ಕೈ ಹಿಡೀತಾರ. ಈ ಮನಿ ತೊಗೋಬೇಕಂತ ನಮಗ ಮನಸೈತಿ. ನಿಮಗ್ಯಾರಿಗೂ ತ್ರಾಸ ಇಲ್ಲಂದ್ರ ಅಷ್ಟ."

ಮನೆ ಕೊಳ್ಳುವವರು ಓಣಿಯವರ ಒಪ್ಪಿಗೆ ಕೇಳಿದ್ದನ್ನು ಅಲ್ಲಿಯವರು ಎಂದೂ ಕಂಡಿರಲಿಲ್ಲ. ಮೂಲೆಮನೆಯ ಅಬ್ದುಲಗನಿ ಗಂಟಲು ಸರಿಮಾಡಿಕೊಂಡ. ಅವನು ಹಗಲೆಲ್ಲ ಬಾಗಿಲಲ್ಲಿ ಕುಳಿತು ನೂಲು ಸುತ್ತುವವನು.

"ಸಿಟ್ಟಾಗಬ್ಯಾಡ್ರಿ, ಖರೆ ಹೇಳ್ತೀನಿ," ಎಂದ. "ಒಂದ ದಿನ ಚಂದ. ದಿನಾ ಆದ್ರ? ಅಲ್ಲೆ ಬಸ್ಸು ತಿರಗತಾವು. ನಾಳೆ ಏನರ ಹೆಚ್ಚುಕಡಿಮಿ ಆದ್ರ ಮಾತು ನಮ್ಮ ಮ್ಯಾಲ ಬರ್ತೈತಿ."

"ನೀವು ಹೇಳೂದು ಖರೇನ ಐತಿ," ಎಂದಳು ಶೈಲಾ. "ಕಾಯೂದು ನಮ್ಮ ಕೆಲಸ. ಮನ್ಯಾಗ ಒಬ್ರು ಇದ್ದ ಇರ್ತೀವಿ. ಅಂಗಡಿ, ಶಾಲಿ ನಡುವ ಹೊತ್ತಿಗೆ ಒಬ್ಬ ಹೆಣ್ಣುಮಗಳನ್ನ ನೇಮಿಸ್ತೀವಿ. ನಮ್ಮ ಕಣ್ಣು ತಪ್ಪಿದ್ರ ನೀವು ಒಂದ ಕೂಗು ಹಾಕ್ರಿ. ಅಷ್ಟ ಕೇಳಾಕ ಹತ್ತೀವಿ."

"ಕೂಗು ಯಾಕವಾ," ಎಂದರು ಅಲ್ಮಾಸಬಿ. "ಗನಿ, ನೀ ಬಾಗಲದಾಗ ಕುಂತಿರ್ತಿ. ಬಸ್ಸಿನ ಕಡೆ ಹೊಂಟ್ರ ಎದ್ದು ಕೈ ಕೊಡು. ಎತ್ತು ಮಾರಿ ಹೊಳ್ಳಿ ಬರ್ತಾರ."

ಗುಂಪೆಲ್ಲ ಗೊಳ್ಳೆಂದು ನಕ್ಕಿತು. ಅಬ್ದುಲಗನಿಯೂ ನಕ್ಕ. "ಆತು ಬಿಡ್ರಿ. ನನಗೂ ಒಂದ ಜೋಡಿ ಎತ್ತು ಆದಾವು," ಎಂದ. ಅಂದಪ್ಪನವರು ಬಸಿ ಕೆಳಗಿಟ್ಟು, ತಾವೂ ಎಲ್ಲರೊಡನೆ ನಕ್ಕರು. ಎಂಥ ಜನ, ಎಂಥ ಓಣಿ! ಶೈಲಾಳ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು ಅಲ್ಮಾಸಬಿಯ ಕೈ ಹಿಡಿದಳು.

ನಂದೀಶ ತುಸು ದೂರ ಸರಿದು ಶಿವಯೋಗಿಗೆ ಫೋನ್ ಮಾಡಿದ. ಅವನು ಇನ್ನೊಬ್ಬ ಗಿರಾಕಿಗೆ ಮನೆ ತೋರಿಸುತ್ತ ಬಡಾವಣೆಯಲ್ಲೇ ಇದ್ದ.

"ಶಿವಯೋಗಿ, ಆ ಮನಿ ನಮಗ ಬ್ಯಾಡಲೇ."

"ಯಾಕಲೇ? ಅವ್ರ ಜೋಡಿ ಮಾತಾಡಿ ಇಳಿಸ್ತೀನಿ, ತಡಿ."

"ದರದ ಮಾತಲ್ಲ. ಆ ಬಾಜು ಮನಿಯವರು ಅದಾರೇನು? ಅವ್ರಿಗೊಮ್ಮೆ ಫೋನ್ ಕೊಡು."

"ಮನೀನ ಬ್ಯಾಡಂದ ಮ್ಯಾಲ ಅವ್ರ ಕೂಡ ಏನೈತಿ ನಿನ್ನ ಮಾತು?"

"ಕೊಡೋ ಮಾರಾಯಾ."

ಆ ಕಡೆ ಗೇಟು ತೆರೆದ ಸದ್ದು, ಏನೋ ಗುಜುಗುಜು, ಆಮೇಲೆ "ಹಲೋ, ಯಾರ್ರಿ?" ಎಂಬ ಗಡಸು ದನಿ.

"ಸರ, ಮುಂಜಾನೆ ನಿಮ್ಮ ಕೈ ಹಿಡಿದ್ರಲ್ರಿ, ಅವ್ರು ದಾರ್ಯಾಗ ಸಿಕ್ಕವರಲ್ಲ," ಎಂದ ನಂದೀಶ. "ಅವ್ರು ನಮ್ಮಪ್ಪ. ಅಂದಪ್ಪ ಅಂತ ಹೆಸರು, ಮುಂಡರಗಿಯವರು. ನಾ ನಿಮಗ ಸುಳ್ಳು ಹೇಳಿದ್ದೆ."

ನಂದೀಶ ಫೋನನ್ನು ಜೇಬಿಗೆ ಹಾಕಿಕೊಂಡು, ಮರದ ಕೆಳಗೆ ಹೋಗಿ ಅಪ್ಪನ ಪಕ್ಕದಲ್ಲಿ ಕುಳಿತ.